ಅಂಗೈಯಗಲದ ಅಂಗಿ

ಚರ್ಚಿನ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಊಟವೂ ಆ ಮೇಜಿನ ಮೇಲೇ, ಬಟ್ಟೆಗಳನ್ನು ಒಂದು ಕಡೆಗೆ ಸರಿಸಿಕೊಂಡು. ತಟ್ಟೆಯಲ್ಲಿ ದಾರದ ತುಣುಕು ಸಿಕ್ಕಿದರೆ ಗಂಡ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಇವತ್ತು ಅಡುಗೆಗೆ ಕೆಂಪು ದಾರ ಹಾಕಿದ್ದೀಯೋ, ನೀಲಿದೋ?" ಎಂದು ಕೇಳುತ್ತಿದ್ದ. ಚರ್ಚಿನ ಸಭೆಯವರೆಲ್ಲ ಅವಳನ್ನು ದರ್ಜಿಯಮ್ಮ ಎಂದೇ ಕರೆಯುತ್ತಿದ್ದರು. ಬೇರೆ ಹೆಸರಿಂದ ಕರೆದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ.

ತಾಯಿತಂದೆಯ ಮುಖ ಅವಳು ಕಂಡಿರಲಿಲ್ಲ. ಚರ್ಚು ನಡೆಸುತ್ತಿದ್ದ ಅನಾಥಾಶ್ರಮದಲ್ಲಿ ಬೆಳೆದವಳು. ಅಲ್ಲಿನ ಮೇಲ್ವಿಚಾರಕಿ ಬಾಯಿ ಜೋರಿನ ಹೆಂಗಸು. ಕೈಗೊಂದು ಸೂಜಿ ಕೊಟ್ಟು, "ಅಳೋಕೆ ಮನಸ್ಸಾದಾಗ ಇದಕ್ಕೆ ದಾರ ಪೋಣಿಸು, ಕಣ್ಣಲ್ಲಿ ನೀರಿದ್ರೆ ದಾರ ಹೋಗಲ್ಲ" ಎಂದಿದ್ದಳು. ಹಾಗೆ ಕಲಿತ ಕೆಲಸವೇ ಮುಂದೆ ಅನ್ನ ಕೊಟ್ಟಿತು. ಗಂಡನನ್ನೂ ಅದೇ ಕೊಟ್ಟಿತು ಎನ್ನಬೇಕು. ಅವನು ಸಿಟಿ ಬಸ್ಸಿನ ಕಂಡಕ್ಟರ್, ಚರ್ಚಿನ ಗಾಯನ ತಂಡದಲ್ಲಿ ಕೆಳಸ್ಥಾಯಿಗೆ ಹಾಡುವವನು. ನಿಲ್ದಾಣದ ಹೆಸರು ಕೂಗಿದರೆ ಬಸ್ಸಿನ ಕೊನೆಯ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರಬೇಕು, ಅಂಥ ಗಂಟಲು. ಹಾಡುವಾಗ ತೊಡುವ ನಿಲುವಂಗಿ ಹೊಲಿಸಲೆಂದು ಬಂದವನು ಭುಜ ಬಿಗಿ ಎಂದು ಒಮ್ಮೆ, ತೋಳು ಉದ್ದ ಎಂದು ಇನ್ನೊಮ್ಮೆ, ಕುತ್ತಿಗೆ ಸರಿಯಿಲ್ಲ ಎಂದು ಮತ್ತೊಮ್ಮೆ ಬಂದ. ಕೊನೆಗೆ ಅವಳೇ, "ನಿಮ್ಮ ಕುತ್ತಿಗೇಲೂ ತೊಂದ್ರೆ ಇಲ್ಲ, ನನ್ನ ಹೊಲಿಗೇಲೂ ತೊಂದ್ರೆ ಇಲ್ಲ. ಏನೋ ಹೇಳೋದಿದ್ರೆ ಹೇಳಿಬಿಡಿ" ಎಂದಳು. ತನ್ನ ಮದುವೆಯ ಗೌನನ್ನು ಅವಳೇ ಹೊಲಿದುಕೊಂಡಳು. ಮೈಗೆ ತಾಗಿದರೂ ಗೊತ್ತಾಗದಷ್ಟು ಮೆತ್ತನೆಯ ಬಿಳಿ ಬಟ್ಟೆ. ಅಷ್ಟು ಒಳ್ಳೆಯ ಬಟ್ಟೆಯನ್ನು ತನಗಾಗಿ ಅವಳು ಕೊಂಡದ್ದು ಅದೊಂದೇ ಸಲ.

ಕ್ರಿಸ್ಮಸ್ ಹತ್ತಿರವಾದರೆ ಅವಳ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಕ್ಕಳ ನಾಟಕದ ಕುರುಬರು, ರಾಜರು, ದೇವದೂತರು ಎಲ್ಲರೂ ಆ ಮೆಟ್ಟಿಲು ಹತ್ತಿಯೇ ಬೇತ್ಲೆಹೇಮಿಗೆ ಹೋಗಬೇಕು. ಹೋದ ವರ್ಷದ ದೇವದೂತ ಈ ವರ್ಷ ಮೀಸೆ ಚಿಗುರಿಸಿಕೊಂಡು ಕುರುಬನಾಗುತ್ತಿದ್ದ. ಗಾಯನ ತಂಡದ ನಿಲುವಂಗಿಗಳ ಕಾಲರು ಬದಲಾಯಿಸಬೇಕು, ಪಾಸ್ಟರ ಮೇಲಂಗಿಯ ಅಂಚು ಹೊಲಿಯಬೇಕು. ಯಂತ್ರ ತುಳಿಯುತ್ತಲೇ ಅವಳು ಬಾಯಲ್ಲಿ ಹಾಡು ಗುನುಗುತ್ತಿದ್ದಳು. ಒಳಗಿನ ಕೋಣೆಯಿಂದ ಗಂಡ ಕೆಳಗಿನ ಸ್ವರ ಸೇರಿಸುತ್ತಿದ್ದ. ನಡುವೆ ಮಗಳು ತನ್ನದೊಂದು ಎಳೆಯನ್ನು ಎತ್ತಿಕೊಳ್ಳುತ್ತಿದ್ದಳು.

ಒಬ್ಬಳೇ ಮಗಳು, ಪುಟ್ಟಿ. ಅವಳಿಗೆ ಹಾಡು ಕಲಿಸಿದವನು, ಪ್ರಾರ್ಥನೆ ಕಲಿಸಿದವನು ಅಪ್ಪನೇ. ಶಾಲೆಗೆ ರಜೆಯಿದ್ದ ದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದ. ಅವಳು ದೇವದೂತಳಾಗಿ ಒಂಟಿಯಾಗಿ ಹಾಡಿದ ವರ್ಷ, ಹಿಂದೆ ಸಾಲಿನಲ್ಲಿ ನಿಂತಿದ್ದ ಅವನಿಗೆ ತನ್ನ ಸಾಲು ಹಾಡುವುದೇ ಮರೆತುಹೋಯಿತು. ಅಂಥ ಮಗಳು ಬೇಕರಿಯೊಂದರಲ್ಲಿ ಬ್ರೆಡ್ಡು ಸುಡುವವನನ್ನು ಮೆಚ್ಚಿದಳು. ಒಳ್ಳೆಯ ಹುಡುಗ, ಆದರೆ ಯಾವ ಸಭೆಗೂ ಸೇರಿದವನಲ್ಲ. ದೇವರ ಮಾತೆತ್ತಿದರೆ ನಕ್ಕು ಸುಮ್ಮನಾಗುವವನು. ಅಪ್ಪ ಒಪ್ಪಲಿಲ್ಲ. ಮಗಳೂ ಅಪ್ಪನ ಮಗಳೇ, ಜಗ್ಗಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು.

ಅವತ್ತು ಸಂಜೆ ಕಂಡಕ್ಟರ್ ಊಟದ ತಟ್ಟೆ ಮುಂದಿಟ್ಟುಕೊಂಡು ಹೇಳಿದ: "ಈ ಮನೇಲಿ ಇನ್ಮೇಲೆ ಅವಳ ಹೆಸರೆತ್ತಬೇಡ."

ದರ್ಜಿಯಮ್ಮ ಎತ್ತಲಿಲ್ಲ. ಕೋಪ ಇಳಿಯುತ್ತದೆ, ಕಾಯೋಣ ಎಂದುಕೊಂಡಳು. ಆದರೆ ಅವನು ಚರ್ಚಿನ ಸಮಿತಿಯಲ್ಲಿದ್ದ. ಸ್ವಂತ ಮಗಳೆಂದು ಬಿಟ್ಟುಕೊಟ್ಟ ಎಂಬ ಮಾತು ಬರಬಾರದೆಂದು, ಸಭೆಯ ಹೊರಗೆ ಮದುವೆಯಾದವರಿಗೂ ಅವರ ಮಕ್ಕಳಿಗೂ ಚರ್ಚಿನ ಸ್ಮಶಾನದಲ್ಲಿ ಜಾಗವಿಲ್ಲ ಎಂಬ ನಿಯಮವನ್ನು ತಾನೇ ಎದ್ದು ನಿಂತು ಸೂಚಿಸಿದ. ಎಲ್ಲರೂ ಕೈ ಎತ್ತಿದರು. ಆ ಭಾನುವಾರ ಅವಳು ಗಂಡನ ಜೊತೆ ಮನೆಗೆ ನಡೆದು ಬರಲಿಲ್ಲ. ತಲೆನೋವೆಂದು ಹೇಳಿ ಚರ್ಚಿನ ಬೆಂಚಿನಲ್ಲೇ ಕೂತಿದ್ದಳು.

ಅಲ್ಲಿಂದ ಮುಂದೆ ಅವಳದು ಕಳ್ಳ ಓಡಾಟ. ದಾರ ತರಬೇಕು, ಗುಂಡಿ ತರಬೇಕು ಎಂದು ಚೀಲ ಹಿಡಿದು ಹೊರಟರೆ ಮಗಳ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಗಳಲ್ಲೂ ಬ್ರೆಡ್ಡಿನ ಪರಿಮಳ. ರಾತ್ರಿಯಿಡೀ ಬೇಕರಿಯಲ್ಲಿ ದುಡಿದು ಅಳಿಯ ಹಗಲು ಹೊತ್ತಿನಲ್ಲಿ ಮಲಗಿರುತ್ತಿದ್ದ. ಅತ್ತೆ ಬಂದ ಸದ್ದಾದರೆ ನಿದ್ದೆಗಣ್ಣಲ್ಲೇ ಎದ್ದು ಕುರ್ಚಿ ಒರೆಸಿ ಕೊಟ್ಟು ಮತ್ತೆ ಹೋಗಿ ಮಲಗುತ್ತಿದ್ದ. ಅವಳು ತಂದಿದ್ದ ದಾರ ಮನೆಯಲ್ಲಿ ಡಬ್ಬಿಗಟ್ಟಲೆ ಸೇರಿತು. ಗಂಡ ಅದನ್ನು ನೋಡಿಯೂ ಏನೂ ಕೇಳಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪುಟ್ಟಿ, ಅಮ್ಮನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡು ಸುಮ್ಮನೆ ನಕ್ಕಳು.

"ಅಪ್ಪನಿಗೆ ಹೇಳಬೇಡಮ್ಮ. ಈಸ್ಟರಿಗೆ ಮಗೂನ ಎತ್ಕೊಂಡು ಚರ್ಚಿಗೇ ಬರ್ತೀನಿ. ಅವರ ಮಡಿಲಿಗೇ ಹಾಕ್ತೀನಿ. ಕೆಳಗಿಡ್ತಾರಾ, ನೋಡೋಣ."

"ಅಷ್ಟು ದಿನ ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಕಣೆ. ಕ್ರಿಸ್ಮಸ್ ಹಾಡು ಹಾಡೋವಾಗ ಅವರ ಮನಸ್ಸು ಮೆತ್ತಗಾಗುತ್ತೆ. ಆಗ ಮೆಲ್ಲಗೆ ಹೇಳ್ತೀನಿ."

"ಬೈದ್ರೆ?"

"ಬೈಲಿ. ಬೈದು ಮುಗಿದ ಮೇಲೆ ತಾತ ಆಗ್ತಾರಲ್ಲ."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಅಳಿಯನಿಗೆ ಎಚ್ಚರವಾಗದಂತೆ. ಆಮೇಲೆ ದರ್ಜಿಯಮ್ಮ ಗಾಯನ ತಂಡದ ನಿಲುವಂಗಿಗಳ ಗಂಟಿನೊಳಗೆ ಬಚ್ಚಿಟ್ಟುಕೊಂಡು ಪುಟ್ಟ ಪುಟ್ಟ ಅಂಗಿ, ಟೋಪಿ, ಕಾಲುಚೀಲ ಹೊಲಿಯತೊಡಗಿದಳು.

ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನ ಬಾಕಿ ಇರುವಾಗ, ಒಂದು ಬೆಳಿಗ್ಗೆ, ಅವಳು ದೇವದೂತಳಾಗಲಿದ್ದ ಹುಡುಗಿಯೊಬ್ಬಳನ್ನು ಮಣೆಯ ಮೇಲೆ ನಿಲ್ಲಿಸಿ ರೆಕ್ಕೆ ಕೂರಿಸುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನುಗಳು. ಮೆಟ್ಟಿಲ ಮೇಲೆ ಗೊತ್ತಿಲ್ಲದ ಹೆಜ್ಜೆ ಸದ್ದಾಯಿತು. ಬಾಗಿಲಲ್ಲಿ ಅಳಿಯ ನಿಂತಿದ್ದ. ಆ ಮೆಟ್ಟಿಲನ್ನು ಅವನು ಎಂದೂ ಹತ್ತಿದವನಲ್ಲ. ಮೊಣಕೈವರೆಗೆ ಹಿಟ್ಟು ಅಂಟಿ ಒಣಗಿತ್ತು.

"ಆಸ್ಪತ್ರೇಗೆ ಬನ್ನಿ ಅತ್ತೆ," ಎಂದ. ಅಷ್ಟೇ ಎಂದ.

ಅವಳು ಬಾಯಿಂದ ಪಿನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ರೆಕ್ಕೆ ಬಿಚ್ಚಿ, ಹುಡುಗಿಯ ಕೆನ್ನೆ ಸವರಿ, "ನಾಳೆ ಬಾ ಕಂದ" ಎಂದು ಕಳಿಸಿದಳು. ನಿಲುವಂಗಿಗಳ ನಡುವಿನಿಂದ ಮಗುವಿನ ಬಟ್ಟೆಯ ಗಂಟನ್ನು ಎಳೆದು ಚೀಲಕ್ಕೆ ತುರುಕಿಕೊಂಡಳು. ಯಾಕೆ ತುರುಕಿಕೊಂಡಳೋ, ದಾರಿಯುದ್ದಕ್ಕೂ ಅದು ಅವಳಿಗೆ ಹೊಳೆಯಲಿಲ್ಲ. ಹುಟ್ಟಿದ ಮಗುವಿಗೆ ಬಟ್ಟೆ ಬೇಕಲ್ಲ, ಅಷ್ಟೇ.

ಮಗು ಗಂಡು. ದಿನ ತುಂಬಿರಲಿಲ್ಲ. ಉಸಿರೂ ಇರಲಿಲ್ಲ. ಪುಟ್ಟಿಗೆ ಔಷಧಿ ಕೊಟ್ಟು ಮಲಗಿಸಿದ್ದರು. ಮಲಗಿಸುವ ಮೊದಲು ಟವೆಲ್ಲಿನೊಳಗಿನ ಮುಖವನ್ನಷ್ಟೇ ತೋರಿಸಿದ್ದರಂತೆ. ನರ್ಸು ಅವಳನ್ನು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ದರ್ಜಿಯಮ್ಮ ಚೀಲದಿಂದ ಎಲ್ಲಕ್ಕಿಂತ ಚಿಕ್ಕ ಅಂಗಿಯನ್ನು ತೆಗೆದು ಮಗುವಿನ ಪಕ್ಕ ಇಟ್ಟು ನೋಡಿದಳು. ಅದರೊಳಗೆ ಮಗು ಎಲ್ಲೋ ಕಳೆದುಹೋಗುವಂತಿತ್ತು.

"ಇಷ್ಟು ಸಣ್ಣ ಮಕ್ಕಳಿಗೆ ಅಂಗಿ ಎಲ್ಲೂ ಸಿಗಲ್ಲಮ್ಮ," ನರ್ಸು ಮೆಲ್ಲಗೆ ಹೇಳಿದಳು. "ನಾವು ಟವೆಲ್ಲಲ್ಲೇ ಸುತ್ತಿ ಕೊಡ್ತೀವಿ. ಎಲ್ಲರಿಗೂ ಹಾಗೇ ಮಾಡೋದು."

"ಬೇಡ," ಎಂದಳು ದರ್ಜಿಯಮ್ಮ. "ನಾನು ಹೊಲಿದು ತರ್ತೀನಿ."

ಟೇಪು ತಂದಿರಲಿಲ್ಲ. ತನ್ನ ಅಂಗೈಯನ್ನು ಮಗುವಿನ ಎದೆಯ ಮೇಲೆ ಇಟ್ಟಳು. ಭುಜದಿಂದ ಭುಜಕ್ಕೆ ಅಂಗೈಯಗಲ, ಅದಕ್ಕೂ ಒಂಚೂರು ಕಡಿಮೆ. ಕೈ ತಣ್ಣಗಾಗುವ ತನಕ ಹಾಗೇ ಇಟ್ಟುಕೊಂಡಿದ್ದಳು.

ಗಂಡ ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದಾಗ ಅವಳು ಮೇಜಿನ ಮುಂದೆ ನಿಂತಿದ್ದಳು. ಮದುವೆಯ ಗೌನು ಮೇಜಿನ ಮೇಲೆ ಹರಡಿತ್ತು, ಕತ್ತರಿ ಅದರ ನಡುವಿನಲ್ಲಿತ್ತು.

"ಏನಿದು ಇವಳೇ? ಮದುವೆ ಗೌನು ಯಾಕೆ ಕತ್ತರಿಸ್ತಿದ್ದೀಯ?"

"ಬಿಳಿ ಬಟ್ಟೆ ಬೇಕಿತ್ತು. ಮೆತ್ತಗಿರೋದು."

"ಅಂಗಡೀಲಿ ಸಿಗಲ್ವಾ?"

"ಅಂಗಡಿ ಬಟ್ಟೆ ಗಂಜಿ ಹಾಕಿರ್ತಾರೆ. ಮೈಗೆ ಚುಚ್ಚುತ್ತೆ." ಕತ್ತರಿ ಆಡಿಸುತ್ತಲೇ ಅವಳು ಹೇಳಿದಳು, "ಚುಚ್ಚಿದ್ರೆ ಅದಕ್ಕೇನು ಗೊತ್ತಾಗಲ್ಲ. ಆದ್ರೂ."

"ಯಾವುದಕ್ಕೆ?"

"ಪುಟ್ಟಿ ಮಗೂಗೆ. ಬೆಳಿಗ್ಗೆ ಹುಟ್ತು. ಗಂಡು. ಜೀವ ಇರ್ಲಿಲ್ಲ."

ಅವನು ಹೆಗಲಿನಿಂದ ಚೀಲ ಇಳಿಸುತ್ತಿದ್ದವನು ಅರ್ಧದಲ್ಲೇ ನಿಂತ. ಕೆಳಗಿನ ಅಂಗಡಿಯಲ್ಲಿ ಯಾರೋ ಬೂಟಿಗೆ ಮೊಳೆ ಹೊಡೆಯುತ್ತಿದ್ದರು.

"ಅವಳು ಬಸುರಿ ಅಂತ ನಂಗೆ ಯಾರೂ ಹೇಳ್ಲೇ ಇಲ್ಲ."

"ಹೆಸರೆತ್ತಬೇಡ ಅಂದಿದ್ರಲ್ಲ ರೀ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪ ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಕುತ್ತಿಗೆಯ ದುಂಡು ಕತ್ತರಿಸುವ ಹೊತ್ತು, ಕೈ ಅಲುಗಬಾರದಿತ್ತು. ತಾತನಾಗುವವನಿದ್ದೆ ಎಂಬುದೂ, ಆಗಲಿಲ್ಲ ಎಂಬುದೂ ಒಂದೇ ಉಸಿರಿನಲ್ಲಿ ತಿಳಿದ ಮನುಷ್ಯ ಅವಳನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅರ್ಧ ಇಳಿಸಿದ್ದ ಚೀಲವನ್ನು ಮತ್ತೆ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.

ಡಿಪೋಗೆ ಹೋಗಿರುತ್ತಾನೆ ಎಂದುಕೊಂಡಳು. ಮನಸ್ಸು ಕೆಟ್ಟಾಗಲೆಲ್ಲ ಬೇರೆಯವರ ಪಾಳಿಯನ್ನೂ ತಾನೇ ಮಾಡುವುದು ಅವನ ಚಾಳಿ. ಕಲ್ಲು ಮನುಷ್ಯ, ಎಂದು ಮೊದಲ ಸಲ ಅವಳ ಮನಸ್ಸು ಹೇಳಿತು. ಯಂತ್ರದ ಸೂಜಿ ಅಷ್ಟು ಸಣ್ಣ ತೋಳಿನೊಳಗೆ ತಿರುಗುತ್ತಿರಲಿಲ್ಲ. ಎಲ್ಲವನ್ನೂ ಕೈಯಲ್ಲೇ ಹೊಲಿದಳು. ಗುಂಡಿ ಇಡಲು ಹೋದರೆ ಅದೇ ಮಗುವಿನ ಕಣ್ಣಿಗಿಂತ ದೊಡ್ಡದು. ಗುಂಡಿ ಬಿಟ್ಟು ಲಾಡಿ ಕಟ್ಟಿದಳು. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳಬೇಕಾಯಿತು.

ಗಂಡ ಡಿಪೋಗೆ ಹೋಗಿರಲಿಲ್ಲ. ಅವನು ಎಲ್ಲಿಗೆ ಹೋಗಿದ್ದ ಎಂಬುದನ್ನು ಮರುದಿನ ನಸುಕಿನಲ್ಲೇ ಪಾಸ್ಟರ ಹೆಂಡತಿ ಬಂದು ಹೇಳಿದಳು. ನೆಟ್ಟಗೆ ಪಾಸ್ಟರ ಮನೆಗೆ ಹೋಗಿ, ಮೊಮ್ಮಗನಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಬೇಕು ಎಂದನಂತೆ. ಸಮಿತಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ಕ್ರಿಸ್ಮಸ್ ಊಟದ ಏರ್ಪಾಟಿನ ಮಾತಾಡಲು ಅಲ್ಲೇ ಬಂದು ಕೂತಿದ್ದರು.

"ಅಲ್ಲಪ್ಪ, ಈ ನಿಯಮ ಮಾಡಿಸಿದವನು ನೀನೇ ಅಲ್ವಾ?" ಎಂದು ಅವರು ಕೇಳಿದರಂತೆ. ಚುಚ್ಚಬೇಕೆಂದು ಕೇಳಿದ್ದಲ್ಲ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಹೌದು ಸಾರ್. ನಾನೇ ಮಾಡಿಸಿದ್ದು. ಈಗ ನಾನೇ ಕೇಳ್ಕೋತಿದ್ದೀನಿ, ಮುರೀರಿ."

"ದೀಕ್ಷಾಸ್ನಾನ ಆಗದ ಮಗು..."

"ಉಸಿರೇ ಆಗಲಿಲ್ಲ ಸಾರ್ ಅದಕ್ಕೆ. ಇನ್ನು ದೀಕ್ಷಾಸ್ನಾನ ಎಲ್ಲಿಂದ ಆಗಬೇಕು?"

ಇಷ್ಟು ಹೇಳಿ, ಬಸ್ಸಿನಲ್ಲಿ ಊರನ್ನೇ ಎಬ್ಬಿಸುವ ಮನುಷ್ಯ ಪಾಸ್ಟರ ಮನೆಯ ಹೊಸ್ತಿಲ ಮೇಲೆ ಕುಸಿದು ಕೂತನಂತೆ. ಪಾಸ್ಟರು ಸಮಿತಿ ಕರೆಯಲಿಲ್ಲ. "ನಾಳೆ ಬೆಳಿಗ್ಗೆ ನಾನೇ ಬರ್ತೀನಿ. ಗೋಡೆ ಪಕ್ಕ, ಮರದ ಕೆಳಗೆ ಜಾಗ ಇದೆ" ಎಂದರಂತೆ. ಹೆಡ್‌ಮಾಸ್ಟರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು ಹೊರಟುಹೋದರಂತೆ.

ಸ್ಮಶಾನಕ್ಕೆ ಬಂದವರು ಬೆರಳೆಣಿಕೆಯ ಜನ. ಹಬ್ಬದ ಗಿರಾಕಿಗಳು ಜಾಸ್ತಿಯೆಂದು ಬೇಕರಿಯಲ್ಲಿ ಅಳಿಯನಿಗೆ ಅರ್ಧ ದಿನದ ರಜೆಯಷ್ಟೇ ಸಿಕ್ಕಿತ್ತು. ಮಗುವಿನ ಮುಚ್ಚಿದ ಪೆಟ್ಟಿಗೆಯನ್ನು ಅವನು ಎರಡೂ ಕೈಯಲ್ಲಿ, ಈಗಷ್ಟೇ ಒಲೆಯಿಂದ ತೆಗೆದದ್ದನ್ನು ಹಿಡಿದಷ್ಟು ಜೋಪಾನವಾಗಿ ಹಿಡಿದಿದ್ದ. ಪುಟ್ಟಿ ಅಮ್ಮನ ತೋಳಿಗೆ ಜೋತುಬಿದ್ದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಕಂಡಕ್ಟರ್ ಯೂನಿಫಾರ್ಮಿನಲ್ಲೇ ಬಂದಿದ್ದ, ಟೋಪಿ ಕೈಯಲ್ಲಿತ್ತು. ಗೇಟಿನ ಹತ್ತಿರ ಅಳಿಯನ ಎದುರಿಗೆ ಹೋಗಿ ಕೈ ಚಾಚಿದ.

"ಸ್ವಲ್ಪ ದೂರ ನಾನು ಹಿಡ್ಕೊಳ್ಲಾ?"

ಅಳಿಯ ಪುಟ್ಟಿಯ ಮುಖ ನೋಡಿದ.

"ಬೇಡ," ಎಂದಳು ಪುಟ್ಟಿ. "ಅವನ ಅಪ್ಪನೇ ಹಿಡ್ಕೊಳ್ಲಿ."

ಕಂಡಕ್ಟರ್ ಕೈ ಹಿಂದೆಗೆದುಕೊಂಡು ದಾರಿ ಬಿಟ್ಟ. ಎಲ್ಲರಿಗಿಂತ ಹಿಂದೆ ನಡೆದು ಬಂದ. ಪಾಸ್ಟರು ವಾಕ್ಯ ಓದಿ, ಪ್ರಾರ್ಥಿಸಿ, ಒಂದು ಹಾಡು ಹಾಡುವಂತೆ ಅವನ ಕಡೆ ನೋಡಿದರು. ಯಾರದೇ ಮಣ್ಣಿರಲಿ, ಹಾಡು ಎತ್ತುವವನು ಅವನೇ. ಅವನು ಬಾಯಿ ತೆರೆದ. ದನಿ ಬರಲಿಲ್ಲ. ಕೆಮ್ಮಿ ಮತ್ತೆ ತೆರೆದ. ಬರಿಯ ಗಾಳಿ ಬಂತು. ಆಗ ದರ್ಜಿಯಮ್ಮ ತನ್ನ ಸಣ್ಣ ದನಿಯಲ್ಲಿ ಹಾಡು ಎತ್ತಿಕೊಂಡಳು. ಕೊನೆಯವರೆಗೂ ಒಬ್ಬಳೇ ಹಾಡಿದಳು. ಮಧ್ಯದಲ್ಲೊಮ್ಮೆ ಪುಟ್ಟಿಯ ತುಟಿ ಅಲುಗಿದಂತೆ ಕಂಡಿತು, ಹಾಡಿಗೋ ಅಳುವಿಗೋ ತಿಳಿಯಲಿಲ್ಲ.

ಕ್ರಿಸ್ಮಸ್ ನಿಲ್ಲಲಿಲ್ಲ; ಅದು ಯಾರಿಗೂ ನಿಲ್ಲುವುದಿಲ್ಲ. ಅರ್ಧಕ್ಕೆ ಬಿಟ್ಟಿದ್ದ ರೆಕ್ಕೆಗಳನ್ನು ದರ್ಜಿಯಮ್ಮ ಮುಗಿಸಿ ಕೊಟ್ಟಳು. ಮಕ್ಕಳ ನಾಟಕದಲ್ಲಿ ಮರಿಯಳಾದ ಹುಡುಗಿ ಗೊಂಬೆಯನ್ನು ಎತ್ತಿ ಎದೆಗೊತ್ತಿಕೊಂಡಾಗ ಹೆಂಗಸರೆಲ್ಲ ಕಣ್ಣಂಚಿನಲ್ಲಿ ಅವಳತ್ತ ನೋಡಿದರು. ಅವಳು ಗೋಡೆಯ ಮೇಲಿನ ಶಿಲುಬೆಯನ್ನು ನೋಡುತ್ತ ಕೂತಿದ್ದಳು. ನಿನ್ನ ತಾಯಿಗಾದರೂ ಅಷ್ಟು ವರ್ಷ ಎತ್ತಿ ಆಡಿಸಲು ಸಿಕ್ಕಿದ್ದೆ, ನನ್ನ ಮಗಳಿಗೆ ಒಂದು ದಿನವನ್ನೂ ಕೊಡಲಿಲ್ಲವಲ್ಲ ಎಂದು ಅವಳು ಕರ್ತನನ್ನು ಕೇಳುತ್ತಿದ್ದಳು. ಅವಳ ಆಗಿನ ಪ್ರಾರ್ಥನೆ ಅದೊಂದೇ. ಅದು ಜಗಳವೂ ಆಗಿತ್ತು. ಗಂಡ ಗಾಯನ ತಂಡದ ಸಾಲಿಗೆ ಹೋಗದೆ ಕೊನೆಯ ಬೆಂಚಿನಲ್ಲಿ ಕೂತಿದ್ದ. ಅವನಿಲ್ಲದ ಹಾಡಿಗೆ ತಳವೇ ಇದ್ದಂತಿರಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಊಟಕ್ಕೆ ಸಾಲಾಗುತ್ತಿದ್ದಾಗ ಅವನು ಅವಳ ಹತ್ತಿರ ಬಂದು, "ಪುಟ್ಟಿ ಮನೆ ದಾರಿ ತೋರಿಸ್ತೀಯಾ?" ಎಂದ. ಅಷ್ಟು ದಿನದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು. ಇಬ್ಬರೂ ನಡೆದೇ ಹೋದರು.

ಬಾಗಿಲು ತೆರೆದವಳು ಪುಟ್ಟಿ. ಕೂದಲು ಬಾಚಿರಲಿಲ್ಲ. "ಬಾಮ್ಮ," ಎಂದಳು. ಅಪ್ಪನನ್ನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಾಗಿಲನ್ನು ಹಾಗೇ ತೆರೆದಿಟ್ಟು ಒಳಗೆ ನಡೆದಳು. ಅವನು ಹೊಸ್ತಿಲಾಚೆಯೇ ನಿಂತ. ಅಳಿಯ ಎದ್ದು ಬಂದು, ಎಂದಿನಂತೆ ಕುರ್ಚಿಯೊಂದನ್ನು ಒರೆಸಿ, ಒಳಗಿಟ್ಟ. ಆಗ ಕಂಡಕ್ಟರ್ ಒಳಗೆ ಬಂದು ಕೂತ.

ಅಳಿಯ ಬ್ರೆಡ್ಡು ಕತ್ತರಿಸಿ ತಂದಿಟ್ಟ. ಕೊನೆಗೆ ಕಂಡಕ್ಟರ್, ತನ್ನ ಕೈಗಳನ್ನೇ ನೋಡುತ್ತ ಕೇಳಿದ: "ಹೆಸರು ಏನಂತ ಅಂದ್ಕೊಂಡಿದ್ರಿ?"

ಹೇಳಬೇಕೋ ಬೇಡವೋ ಎಂದು ಪುಟ್ಟಿ ತೂಗುತ್ತಿರುವುದು ಅಮ್ಮನಿಗೆ ಕಂಡಿತು. ಆಮೇಲೆ ಹೇಳಿದಳು. ಅದು ಪುಟ್ಟಿಯ ಅಪ್ಪನ ಕಡೆಯ ಯಾವ ಹೆಸರೂ ಅಲ್ಲ. ಅಳಿಯನ ತೀರಿಹೋದ ತಂದೆಯ ಹೆಸರು. ಕಂಡಕ್ಟರ್ ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡ. "ಒಳ್ಳೆ ಹೆಸರು," ಎಂದ. ಪುಟ್ಟಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಎದ್ದು ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ದರ್ಜಿಯಮ್ಮ ಹೋದಳು.

ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಆಮೇಲೆ ಅವನು ವಾರಕ್ಕೊಮ್ಮೆ ಮಗಳ ಮನೆಗೆ ಹೋಗುತ್ತಿದ್ದ, ಕುರ್ಚಿಯ ಮೇಲೆ ಕೂರುತ್ತಿದ್ದ, ಅಳಿಯನನ್ನು ಒಲೆಯ ಬಗ್ಗೆ, ಹಿಟ್ಟಿನ ಬಗ್ಗೆ ಕೇಳುತ್ತಿದ್ದ. ಪುಟ್ಟಿ ತಟ್ಟೆ ತಂದಿಡುತ್ತಿದ್ದಳು, ಆರೋಗ್ಯ ವಿಚಾರಿಸುತ್ತಿದ್ದಳು. ಮೊದಲಿನ ಸಲುಗೆ ಮಾತ್ರ ಹಿಂತಿರುಗಲಿಲ್ಲ. ಅವಳಿಗೆ ಮತ್ತೆ ಮಗುವಾಗಲಿಲ್ಲ. ಚರ್ಚಿಗೂ ಬರಲಿಲ್ಲ. ಸಮಿತಿ ಮುಂದಿನ ವರ್ಷ ಆ ನಿಯಮವನ್ನು ತೆಗೆದುಹಾಕಿತು. ಅದನ್ನು ತೀರ್ಮಾನಿಸಿದ ದಿನ ಕಂಡಕ್ಟರ್ ಅಲ್ಲಿಗೆ ಹೋಗದೆ ಮನೆಯಲ್ಲೇ ಕೂತಿದ್ದ.

ದರ್ಜಿಯಮ್ಮನ ತಲೆಯಲ್ಲಿ ಮಾತ್ರ ನರ್ಸಿನ ಮಾತು ಕೊರೆಯುತ್ತಿತ್ತು. ಎಲ್ಲರಿಗೂ ಹಾಗೇ ಮಾಡೋದು, ಎಂದಿದ್ದಳಲ್ಲ. ಹಾಗಾದರೆ ಇನ್ನೆಷ್ಟು ಜನ ಟವೆಲ್ಲಿನಲ್ಲಿ ಹೋಗಿದ್ದಾರೆ? ಮದುವೆಯ ಗೌನಿನಲ್ಲಿ ಬಟ್ಟೆ ಇನ್ನೂ ಬೇಕಾದಷ್ಟಿತ್ತು. ಅದು ಮುಗಿಯುವ ತನಕ ಹೊಲಿದು ಆಸ್ಪತ್ರೆಗೆ ಕೊಟ್ಟು ಬಂದಳು. ವಿಷಯ ಹೆಂಗಸರ ಕಿವಿಗೆ ಬಿದ್ದು, ಒಬ್ಬೊಬ್ಬರಾಗಿ ತಮ್ಮ ತಮ್ಮ ಮದುವೆಯ ಗೌನುಗಳನ್ನು ಹೊತ್ತು ಆ ಮೆಟ್ಟಿಲು ಹತ್ತಿದರು. ಹೆಡ್‌ಮಾಸ್ಟರು ಸತ್ತ ಹೆಂಡತಿಯ ಗೌನು ತಂದು ಮೇಜಿನ ಮೇಲಿಟ್ಟು, "ಇದರಲ್ಲಿ ಸುಮಾರಾಗುತ್ತೆ, ಅವಳು ಸ್ವಲ್ಪ ದಪ್ಪ ಇದ್ಲು" ಎಂದು ನಗಲು ಹೋಗಿ ನಗಲಾಗದೆ ಇಳಿದು ಹೋದರು. ನಿವೃತ್ತನಾದ ಮೇಲೆ ಅಂಗಿಗಳ ಗಂಟನ್ನು ಆಸ್ಪತ್ರೆಗೆ ಒಯ್ಯುವುದು ಕಂಡಕ್ಟರನ ಕೆಲಸವಾಯಿತು. ಲಾಡಿಗಳಿಗೆ ಇಸ್ತ್ರಿ ಹಾಕುವುದನ್ನೂ ಕಲಿತ. ಮೊದಮೊದಲು ಸುಟ್ಟು ಬೈಸಿಕೊಂಡ.

ಪುಟ್ಟಿ ಬರುವ ದಿನ ದರ್ಜಿಯಮ್ಮ ಆ ಬಟ್ಟೆಗಳನ್ನೆಲ್ಲ ಒಂದು ಹೊದಿಕೆಯಡಿ ಮುಚ್ಚಿಡುತ್ತಿದ್ದಳು. ಹೊದಿಕೆಯಡಿ ಏನಿದೆಯೆಂದು ಮಗಳಿಗೆ ಗೊತ್ತಿತ್ತು, ಆ ಕಡೆ ನೋಡುತ್ತಿರಲಿಲ್ಲ.

ಕಂಡಕ್ಟರ್ ತೀರಿಕೊಂಡದ್ದು ಒಂದು ಕ್ರಿಸ್ಮಸ್ ಕಳೆದು ಹೊಸವರ್ಷಕ್ಕೆ ಕಾಲಿಡುವ ಮೊದಲು, ಎದೆನೋವಿನಿಂದ. ಗೋಡೆಯ ಪಕ್ಕ, ಆ ಮರಕ್ಕೆ ಹತ್ತಿರವೇ ಜಾಗ ಸಿಕ್ಕಿತು. ಮಣ್ಣು ಮುಗಿಸಿ ಮನೆಗೆ ಬಂದ ಮೇಲೆ ಬಂದವರೆಲ್ಲ ಹೊರಟುಹೋದರು; ಪುಟ್ಟಿ ಉಳಿದಳು. ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಪುಟ್ಟಿ ಅಪ್ಪನ ಕನ್ನಡಕ, ಔಷಧಿ, ಟೋಪಿ ಎತ್ತಿಡುತ್ತ ಎತ್ತಿಡುತ್ತ ಮೇಜಿನ ಹತ್ತಿರ ಬಂದು, ಹೊದಿಕೆಯ ತುದಿ ಹಿಡಿದು ನಿಂತಳು. ಆಮೇಲೆ ಸರಿಸಿದಳು. ಇಸ್ತ್ರಿ ಹಾಕಿ ಮಡಚಿಟ್ಟ ಬಿಳಿ ಅಂಗಿಗಳು, ಅಪ್ಪ ಆಸ್ಪತ್ರೆಗೆ ಒಯ್ಯಬೇಕಿದ್ದವು.

"ಅಮ್ಮ, ಅವನಿಗೆ ನೀನು ಹೊಲಿದಿದ್ದು ನಾನು ನೋಡ್ಲೇ ಇಲ್ಲ," ಎಂದಳು. "ಎಷ್ಟಿತ್ತು?"

ದರ್ಜಿಯಮ್ಮ ಎದ್ದು ಬಂದಳು. ಅಂಗಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿ ಮಗಳ ಕೈಗಿಟ್ಟಳು.

"ಇದಕ್ಕಿಂತ ಒಂಚೂರು ಚಿಕ್ಕದು ಕಣೆ."

ಪುಟ್ಟಿ ಅದನ್ನು ಅಂಗೈ ಮೇಲೆ ಹರಡಿಕೊಂಡು ಲಾಡಿಗಳನ್ನು ಬೆರಳಿನಿಂದ ನೇರ ಮಾಡಿದಳು. ಇಬ್ಬರೂ ಮೇಜಿನ ಪಕ್ಕ ನಿಂತೇ ಇದ್ದರು, ಕೋಣೆಯಲ್ಲಿ ಬೆಳಕು ಇಳಿಯುವ ತನಕ.